ಫೋನ್ ಬದಲಿಸುವ ಮೊದಲು ಲ್ಯಾಪ್‌ಟಾಪ್‌ಗೆ ಕೈ ಹಾಕಿ

ಪ್ರಶ್ನೆ: ನಮಸ್ಕಾರ ಸರ್. ನಾನು ಸಿಂಧನೂರಿನಲ್ಲಿ ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಕೆಲಸದ ಸಣ್ಣ ಆಫೀಸು ನಡೆಸುತ್ತೇನೆ. ರೈಸ್ ಮಿಲ್‌ನವರು, ಅಡತಿ ಅಂಗಡಿಯವರು, ಗೊಬ್ಬರದ ಅಂಗಡಿಯವರು ನಮ್ಮ ಗಿರಾಕಿಗಳು. ಅವರ ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ನನ್ನ ವಾಟ್ಸ್‌ಆಪ್‌ಗೇ ಬರುತ್ತವೆ. ಮೊನ್ನೆ ಅತ್ತೆಯವರಿಗೆ ಕಿವಿ ಕೇಳಿಸುವ ಮಷಿನ್ ತರಬೇಕು ಅಂತ ಮನೆಯಲ್ಲಿ ಮಾತಾಡಿದೆವು. ಮರುದಿನದಿಂದ ಫೋನಿನಲ್ಲಿ ಅದರದೇ ಜಾಹೀರಾತು. ಆಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಆಂಡ್ರಾಯ್ಡ್ ಫೋನು, ವಿಂಡೋಸ್ ಲ್ಯಾಪ್‌ಟಾಪ್ ಎರಡನ್ನೂ ಬಿಟ್ಟು, ಖಾಸಗಿ ವಿಷಯ ಹೊರಗೆ ಹೋಗದಂಥ ಬೇರೆ ಫೋನ್, ಬೇರೆ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕು ಅಂತಿದ್ದೇನೆ. 80 ಸಾವಿರದವರೆಗೆ ಹಾಕಬಲ್ಲೆ. ಆದರೆ ಲೆಕ್ಕದ ಟ್ಯಾಲಿ, ಡಿಜಿಟಲ್ ಸಿಗ್ನೇಚರ್, ಕನ್ನಡ ಬರೆಯುವ ನುಡಿ, ಫೋನ್‌ಪೇ ಇಲ್ಲದೆ ನನ್ನ ಕೆಲಸ ನಡೆಯುವುದಿಲ್ಲ. ಆಫೀಸಿನಲ್ಲಿ ವಿಂಡೋಸ್ 11 ಇರುವ ಡೆಸ್ಕ್‌ಟಾಪ್ ಇದೆ. ಲ್ಯಾಪ್‌ಟಾಪ್ 2017ರದ್ದು, ವಿಂಡೋಸ್ 10. ‘ನಮ್ಮಂಥವರ ಹತ್ತಿರ ಮುಚ್ಚಿಡೋಕೆ ಏನಿದೆ’ ಅಂತ ನಮ್ಮ ಮನೆಯವರು ನಗುತ್ತಾರೆ. ಏನು ಕೊಳ್ಳಲಿ ಹೇಳಿ.

ಉತ್ತರ: ಸದ್ಯಕ್ಕೆ ಫೋನ್, ಲ್ಯಾಪ್‌ಟಾಪ್ ಎರಡನ್ನೂ ಕೊಳ್ಳಬೇಡಿ. ದುಡ್ಡು ಹಾಗೇ ಇರಲಿ. ನಿಮ್ಮ ಹಳೆಯ ಲ್ಯಾಪ್‌ಟಾಪ್‌ನಿಂದ ಶುರು ಮಾಡೋಣ. ಫೋನಿನ ವಿಷಯ ಆಮೇಲೆ. ಈ ಕ್ರಮ ಯಾಕೆ ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ‘ಪ್ರೈವೆಸಿ ಫೋನ್’ ಅಂತ ಏನನ್ನೋ ತರಿಸಿಕೊಂಡು, ಬ್ಯಾಂಕ್ ಆಪ್ ನಡೆಯದೆ, ತಿಂಗಳೊಳಗೆ ಹಳೆಯ ಫೋನಿಗೇ ಮರಳಿದವರನ್ನು ಬಳ್ಳಾರಿಯಲ್ಲಿ ನಾನು ನೋಡುತ್ತಲೇ ಇದ್ದೇನೆ. ನಿಮಗೆ ಹಾಗಾಗಬಾರದು.

ಮೊದಲು ಆ ಕಿವಿ ಮಷಿನ್ ವಿಷಯ. ಫೋನ್ ಕದ್ದು ಕೇಳಿಸಿಕೊಂಡಿತು ಅಂತ ಅನ್ನಿಸುವುದು ಸಹಜ. 2018ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17 ಸಾವಿರಕ್ಕೂ ಜಾಸ್ತಿ ಆಂಡ್ರಾಯ್ಡ್ ಆಪ್‌ಗಳನ್ನು ಇದಕ್ಕಾಗಿಯೇ ಪರೀಕ್ಷೆ ಮಾಡಿದರು. ಮೈಕ್ ಆನ್ ಮಾಡಿ ಗುಟ್ಟಾಗಿ ಮಾತು ಕಳಿಸುವ ಆಪ್ ಅವರಿಗೆ ಸಿಗಲಿಲ್ಲ. ಆದರೆ ಪರದೆಯ ಮೇಲೆ ನಡೆಯುವುದನ್ನು ರೆಕಾರ್ಡ್ ಮಾಡಿ ಬೇರೆ ಕಂಪನಿಗೆ ಕಳಿಸುವ ಆಪ್‌ಗಳು ಸಿಕ್ಕವು. ನಿಮ್ಮ ಮನೆಯಲ್ಲಿ ಏನಾಗಿರಬಹುದು ಎಂದರೆ, ಆ ಮಾತಾದ ಮೇಲೆ ಯಾರೋ ಒಬ್ಬರು ರೇಟ್ ಎಷ್ಟು ಅಂತ ಹುಡುಕಿರುತ್ತಾರೆ. ಮನೆಯ ಫೋನ್‌ಗಳೆಲ್ಲ ಒಂದೇ ವೈಫೈನಲ್ಲಿ ಇರುತ್ತವೆ. ಅತ್ತೆಯವರನ್ನು ಕಿವಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದರೆ ಆ ಜಾಗವೂ ಫೋನಿಗೆ ಗೊತ್ತು. ಜಾಹೀರಾತಿನವರಿಗೆ ನಿಮ್ಮ ದನಿ ಬೇಕಿಲ್ಲ. ಹುಡುಕಿದ್ದು, ಹೋಗಿ ಬಂದ ಜಾಗ, ಯಾರ ಜೊತೆ ಒಡನಾಟ ಅನ್ನುವುದಿಷ್ಟು ಸಿಕ್ಕರೆ ಸಾಕು. ಇದು ಸಮಾಧಾನದ ಸುದ್ದಿ ಅಂತ ನಾನು ಹೇಳುತ್ತಿಲ್ಲ. ಮೈಕ್ ಆದರೆ ಒಂದು ಬಟನ್ ಒತ್ತಿ ಮುಚ್ಚಬಹುದಿತ್ತು. ಇದನ್ನು ಹಾಗೆ ಒಂದೇ ಕಡೆ ಮುಚ್ಚಲು ಆಗುವುದಿಲ್ಲ.

ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ. ಮುಚ್ಚಿಡುವುದು ಇರುವುದು ನಿಮ್ಮದಲ್ಲ, ನಿಮ್ಮ ಗಿರಾಕಿಗಳದ್ದು. ಯಾವ ಮಿಲ್‌ನವರ ಖಾತೆಯಲ್ಲಿ ಎಷ್ಟಿದೆ, ಯಾರಿಗೆ ಎಷ್ಟು ಬಾಕಿ, ಯಾರ ಪ್ಯಾನ್ ನಂಬರ್ ಏನು ಎಂಬುದೆಲ್ಲ ನಿಮ್ಮ ಜೇಬಿನಲ್ಲಿದೆ. ಅವರು ನಂಬಿ ಕೊಟ್ಟಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 2023ರಲ್ಲಿ ವೈಯಕ್ತಿಕ ಮಾಹಿತಿ ಕಾಪಾಡುವ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಬೇರೆಯವರ ಮಾಹಿತಿ ಇಟ್ಟುಕೊಳ್ಳುವವರು ಅದನ್ನು ಕಾಪಾಡಬೇಕು ಅನ್ನುವುದೇ ಆ ಕಾಯ್ದೆಯ ತಿರುಳು. ಹಾಗಾಗಿ ನಿಮ್ಮ ಚಿಂತೆ ಸುಮ್ನೆ ಬಂದ ಚಿಂತೆಯಲ್ಲ. ಸರಿಯಾದ ಚಿಂತೆ.

ಈಗ ಯಾವುದೇ ಮಷಿನ್ ಬದಲಿಸುವ ಮೊದಲು ಇವತ್ತೇ ಮಾಡಬೇಕಾದ್ದು. ಗಿರಾಕಿ ವಾಟ್ಸ್‌ಆಪ್‌ನಲ್ಲಿ ಆಧಾರ್ ಫೋಟೋ ಕಳಿಸುತ್ತಾರೆ. ಅದು ತಾನಾಗಿ ನಿಮ್ಮ ಗ್ಯಾಲರಿಗೆ ಬಂದು ಕೂರುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಇದ್ದು, ವಾಟ್ಸ್‌ಆಪ್ ಫೋಲ್ಡರ್ ಕೂಡ ಅದರಲ್ಲಿ ಸೇರಿದ್ದರೆ, ಅಲ್ಲಿಂದ ನಿಮ್ಮ ಗೂಗಲ್ ಖಾತೆಗೆ ಹೋಗುತ್ತದೆ. ವಾಟ್ಸ್‌ಆಪ್ ಮಾತುಕತೆ 2016ರಿಂದ ಎನ್‌ಕ್ರಿಪ್ಟ್ ಆಗಿಯೇ ಹೋಗುತ್ತದೆ, ದಾರಿಯಲ್ಲಿ ಯಾರೂ ಓದಲಾರರು, ನಿಜ. ಆದರೆ ನಿಮ್ಮ ಫೋನಿಗೆ ಬಂದು ಇಳಿದ ಮೇಲೆ ಆ ಕಾಗದ ಎಲ್ಲೆಲ್ಲಿ ಹೋಗುತ್ತದೆ ಅನ್ನುವುದಕ್ಕೂ ಆ ಎನ್‌ಕ್ರಿಪ್ಶನ್‌ಗೂ ಸಂಬಂಧವೇ ಇಲ್ಲ. ವಾಟ್ಸ್‌ಆಪ್ ಸೆಟ್ಟಿಂಗ್ಸ್‌ನಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಆಫ್ ಮಾಡಿ. ಗೂಗಲ್ ಫೋಟೋಸ್‌ನಲ್ಲಿ ಯಾವ ಯಾವ ಫೋಲ್ಡರ್ ಬ್ಯಾಕಪ್ ಆಗುತ್ತಿವೆ ನೋಡಿ, ವಾಟ್ಸ್‌ಆಪ್‌ನದ್ದು ತೆಗೆಯಿರಿ. ಈಗಾಗಲೇ ಮೇಲೆ ಹೋಗಿರುವುದನ್ನು ಹುಡುಕಿ ಅಳಿಸಿ. ವಾಟ್ಸ್‌ಆಪ್‌ನದೇ ಚಾಟ್ ಬ್ಯಾಕಪ್‌ಗೆ ಎನ್‌ಕ್ರಿಪ್ಟ್ ಮಾಡುವ ಆಯ್ಕೆ 2021ರಲ್ಲಿ ಬಂದಿದೆ, ಆದರೆ ನಾವೇ ಆನ್ ಮಾಡಬೇಕು. ಅದನ್ನು ಮಾಡಿ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಅದು ಕಳೆದರೆ ಬ್ಯಾಕಪ್ ಮರಳಿ ಸಿಗುವುದಿಲ್ಲ.

ಇನ್ನೊಂದು, ಝೆರಾಕ್ಸ್ ಅಂಗಡಿ. ಪ್ರಿಂಟ್ ತೆಗೆಸಲು ಅಂಗಡಿಯವರ ನಂಬರಿಗೆ ಪಹಣಿ, ಆಧಾರ್, ಪಾಸ್‌ಬುಕ್ ಎಲ್ಲ ಕಳಿಸುತ್ತೇವೆ ಅಲ್ವಾ? ಆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರ್ ತೆರೆದರೆ ಅರ್ಧ ಊರಿನ ಕಾಗದ ಇರುತ್ತದೆ. ಅಂಗಡಿಯವರು ಕೆಟ್ಟವರು ಅಂತಲ್ಲ, ಅಳಿಸುವಷ್ಟು ಪುರುಸೊತ್ತು ಅವರಿಗೆ ಇರುವುದಿಲ್ಲ. ನಿಮ್ಮ 80 ಸಾವಿರದಲ್ಲಿ ನಾನು ಮೊದಲು ಕೊಳ್ಳಿ ಅನ್ನುವ ಸಾಮಾನು ಒಂದು ಒಳ್ಳೆಯ ಪ್ರಿಂಟರ್, ನಿಮ್ಮ ಹತ್ತಿರ ಇಲ್ಲದಿದ್ದರೆ. ಮುಂದೆ ಪ್ರಿಂಟರ್ ಬಗ್ಗೆ ಮತ್ತೆ ಹೇಳುತ್ತೇನೆ. ಹೊರಗೆ ಕೊಡುವ ಆಧಾರ್ ಪ್ರತಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಆಗಿರಲಿ. ವಾಟ್ಸ್‌ಆಪ್‌ನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ. ಎಂದೋ ಎಲ್ಲೋ ಸ್ಕ್ಯಾನ್ ಮಾಡಿದ ಕಂಪ್ಯೂಟರ್ ಇನ್ನೂ ಅಲ್ಲಿದ್ದರೆ ತೆಗೆದುಹಾಕಿ.

ಈಗ ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮದು 2017ರದ್ದು ಅಂದರೆ ಇಂಟೆಲ್‌ನ ಏಳನೇ ತಲೆಮಾರಿನ ಚಿಪ್ ಇರುವ ಸಾಧ್ಯತೆ ಜಾಸ್ತಿ. ವಿಂಡೋಸ್ 11 ಕೇಳುವುದು ಎಂಟನೆಯದರಿಂದ ಮೇಲೆ. ಹಾಗಾಗಿ ಅದನ್ನು ಬಿಸಾಡಿ ಹೊಸದು ಕೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ನಾನು ಹೇಳುವುದು, ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ವ್ಯವಸ್ಥೆ ಹಾಕಿ. ಪುಕ್ಕಟೆ ಸಿಗುತ್ತದೆ. ವಿಂಡೋಸ್ ನೋಡಿ ಅಭ್ಯಾಸವಿದ್ದವರಿಗೆ ಕೆಳಗಿನ ಪಟ್ಟಿ, ಸ್ಟಾರ್ಟ್ ಮೆನು ಎಲ್ಲ ಹಾಗೇ ಕಾಣುತ್ತದೆ. ಅದರ 22ನೇ ಆವೃತ್ತಿಗೆ 2029ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ, 8 ಇದ್ದರೆ ಆರಾಮ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ. ಆ ಖರ್ಚೊಂದು ಮಾಡಲೇಬೇಕು. ಮಷಿನ್ ಎಷ್ಟು ಚುರುಕಾಗುತ್ತದೆ ಅಂದರೆ ಹೊಸ ಲ್ಯಾಪ್‌ಟಾಪ್ ಆಸೆ ತಾನಾಗಿ ಹೋಗುತ್ತದೆ.

ಖಾಸಗಿತನದ ಲೆಕ್ಕದಲ್ಲಿ ಇದರಿಂದ ಏನು ಸಿಗುತ್ತದೆ? ಮಿಂಟ್ ನಿಮ್ಮ ಬಳಕೆಯ ವಿವರವನ್ನು ತನ್ನನ್ನು ಮಾಡಿದವರಿಗೆ ಕಳಿಸುವುದಿಲ್ಲ. ಶುರುವಿನಲ್ಲೇ ಖಾತೆ ತೆರೆಯಿರಿ ಅಂತ ಕೇಳುವುದಿಲ್ಲ. ಜಾಹೀರಾತಿನವರು ನಿಮ್ಮ ಗುರುತು ಹಿಡಿಯುವ ಜಾಹೀರಾತು ಐಡಿ ಅನ್ನುವುದೇ ಅದರಲ್ಲಿ ಇಲ್ಲ. ವಿಂಡೋಸ್‌ನಲ್ಲಿ ‘ಡೆಸ್ಕ್‌ಟಾಪ್’, ‘ಡಾಕ್ಯುಮೆಂಟ್ಸ್’ ಫೋಲ್ಡರ್‌ಗಳನ್ನು ಒನ್‌ಡ್ರೈವ್ ತನ್ನ ಕಡೆ ಎಳೆದುಕೊಂಡಿರುತ್ತದೆ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ‘ರೀಕಾಲ್’ ಅನ್ನುವ ಸೌಲಭ್ಯ ಘೋಷಿಸಿತು. ಪರದೆಯ ಚಿತ್ರವನ್ನು ಆಗಾಗ ತೆಗೆದಿಟ್ಟು, ಆಮೇಲೆ ಹುಡುಕಲು ಕೊಡುವುದು ಅದರ ಕೆಲಸ. ಜನ ಗಲಾಟೆ ಮಾಡಿದ ಮೇಲೆ ಮುಂದಕ್ಕೆ ಹಾಕಿ, ಬೇಕೆಂದವರು ಮಾತ್ರ ಆನ್ ಮಾಡಿಕೊಳ್ಳುವಂತೆ ಬದಲಿಸಿದರು. ಅದು ಹೊಸ ಬಗೆಯ ಕೆಲವು ಲ್ಯಾಪ್‌ಟಾಪ್‌ಗಳಿಗೆ ಮಾತ್ರ, ನಿಮ್ಮದಕ್ಕೆ ಬರುವುದಿಲ್ಲ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದು ತಿಳಿಯುತ್ತದೆ.

ಮಿಂಟ್ ಹಾಕುವಾಗ ಒಂದು ಹಂತದಲ್ಲಿ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡಲೇ ಅನ್ನುವ ಆಯ್ಕೆ ಬರುತ್ತದೆ. ಅದನ್ನು ತಪ್ಪದೆ ಆರಿಸಿ. ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದರೆ ಕಳ್ಳನಿಗೆ ಮಷಿನ್ ಸಿಗುತ್ತದೆ, ನಿಮ್ಮ ಗಿರಾಕಿಗಳ ಲೆಕ್ಕ ಸಿಗುವುದಿಲ್ಲ. ನಿಮ್ಮಂಥವರಿಗೆ ಈ ಒಂದು ಆಯ್ಕೆ ಬೇರೆಲ್ಲದಕ್ಕಿಂತ ಹೆಚ್ಚಿನದು ಅಂತ ನನ್ನ ಅಭಿಪ್ರಾಯ.

ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಅದನ್ನು ಓಡಿಸಿ ನೋಡಬಹುದು. ಒಳಗಿನದು ಏನೂ ಅಳಿಯುವುದಿಲ್ಲ. ವೈಫೈ ಹಿಡಿಯುತ್ತದಾ, ಸೌಂಡ್ ಬರುತ್ತದಾ, ಪ್ರಿಂಟರ್ ಮಾತಾಡುತ್ತದಾ ಅಂತ ಅಲ್ಲೇ ಪರೀಕ್ಷೆ ಮಾಡಿ. ಪ್ರಿಂಟರ್ ವಿಷಯದಲ್ಲಿ ಹುಷಾರು. ನಮ್ಮ ಕಡೆಯ ಎಷ್ಟೋ ಆಫೀಸಿನಲ್ಲಿ ಇರುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್‌ನಲ್ಲಿ ತುಂಬಾ ಕಾಡುತ್ತದೆ. ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳು ಸಲೀಸಾಗಿ ನಡೆಯುತ್ತವೆ. ಬ್ರದರ್ ಕಂಪನಿ ಲಿನಕ್ಸ್‌ಗೆ ತಾನೇ ಡ್ರೈವರ್ ಕೊಡುತ್ತದೆ. ಹೊಸದು ಕೊಳ್ಳುವುದಾದರೆ ಇದನ್ನು ಕೇಳಿಯೇ ಕೊಳ್ಳಿ.

ಕನ್ನಡದ ಬಗ್ಗೆ ನಿಮಗೆ ಭಯ ಬೇಡ. ನುಡಿ ತಂತ್ರಾಂಶ ಮಿಂಟ್‌ನಲ್ಲಿ ಇಲ್ಲ, ಆದರೆ ನುಡಿಯ ಕೀಲಿಮಣೆ ವಿನ್ಯಾಸ ಇದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕನ್ನಡದ ಕೆಳಗೆ ‘ಕಗಪ’ ಅಂತ ಹುಡುಕಿ. ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬಂದ, ನಿಮ್ಮ ಬೆರಳಿಗೆ ಈಗಾಗಲೇ ಗೊತ್ತಿರುವ ಅದೇ ಜೋಡಣೆ. ಯೂನಿಕೋಡ್‌ನಲ್ಲಿ ಬರೆಯುವುದರಿಂದ ಎಲ್ಲಿ ಕಳಿಸಿದರೂ ಅಕ್ಷರ ಕೆಡುವುದಿಲ್ಲ. ತೊಡಕು ಇರುವುದು ಹಳೆಯ ಫೈಲುಗಳಲ್ಲಿ. ಯೂನಿಕೋಡ್ ಅಲ್ಲದ, ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಅರ್ಜಿ, ಪತ್ರಗಳು ಮಿಂಟ್‌ನಲ್ಲಿ ವರ್ಡ್, ಎಕ್ಸೆಲ್ ಬದಲು ಬಳಸುವ ಲಿಬ್ರೆ ಆಫೀಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆ ನುಡಿ ಫಾಂಟ್‌ಗಳನ್ನು ಮಿಂಟ್‌ನಲ್ಲೂ ಹಾಕಿಕೊಂಡರೆ ಓದಲು ಬರುತ್ತದೆ. ಮುಂದೆ ತಿದ್ದಿ ಬಳಸಬೇಕಾದ್ದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಟ್ಯಾಲಿ ಮತ್ತು ಡಿಜಿಟಲ್ ಸಿಗ್ನೇಚರ್ ವಿಷಯದಲ್ಲಿ ನಾನು ಹಟ ಮಾಡುವುದಿಲ್ಲ. ಟ್ಯಾಲಿ ವಿಂಡೋಸ್‌ಗಾಗಿಯೇ ಮಾಡಿದ್ದು. ಸರ್ಕಸ್ ಮಾಡಿ ಲಿನಕ್ಸ್‌ನಲ್ಲಿ ಓಡಿಸುವವರಿದ್ದಾರೆ, ಆದರೆ ರಿಟರ್ನ್ ತುಂಬುವ ಕೊನೆಯ ದಿನ ಅದು ಕೈಕೊಟ್ಟರೆ ದಂಡ ಕಟ್ಟುವವರು ನಿಮ್ಮ ಗಿರಾಕಿಗಳು. ಡಿಜಿಟಲ್ ಸಿಗ್ನೇಚರಿನ ಯುಎಸ್‌ಬಿ ಟೋಕನ್ ಕೂಡ ವಿಂಡೋಸ್‌ನಲ್ಲಿ ನಡೆದಷ್ಟು ಸರಾಗವಾಗಿ ಬೇರೆ ಕಡೆ ನಡೆಯುವುದಿಲ್ಲ. ಇನ್‌ಕಮ್ ಟ್ಯಾಕ್ಸ್‌ನ ಎಕ್ಸೆಲ್ ಯುಟಿಲಿಟಿಗಳಲ್ಲಿ ಮ್ಯಾಕ್ರೋ ಅನ್ನುವ ಸಣ್ಣ ಪ್ರೋಗ್ರಾಂಗಳು ಇರುತ್ತವೆ, ಅವು ಲಿಬ್ರೆ ಆಫೀಸ್‌ನಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಆಫೀಸಿನ ವಿಂಡೋಸ್ 11 ಡೆಸ್ಕ್‌ಟಾಪ್ ಇರಲಿ. ಆದರೆ ಅದನ್ನು ಟ್ಯಾಲಿ, ಟೋಕನ್, ಯುಟಿಲಿಟಿ ಇಷ್ಟಕ್ಕೇ ಮೀಸಲಿಡಿ. ಅದರಲ್ಲಿ ನಿಮ್ಮ ಸ್ವಂತ ಮೇಲ್, ಯೂಟ್ಯೂಬ್, ವಾಟ್ಸ್‌ಆಪ್ ವೆಬ್ ಬೇಡ. ಒನ್‌ಡ್ರೈವ್ ಬ್ಯಾಕಪ್ ಆಫ್ ಮಾಡಿ, ಜಾಹೀರಾತು ಐಡಿ ಆಫ್ ಮಾಡಿ, ಮೈಕ್ರೋಸಾಫ್ಟ್‌ಗೆ ಹೋಗುವ ಡಯಾಗ್ನೋಸ್ಟಿಕ್ ಡೇಟಾ ಎಷ್ಟು ಕಡಿಮೆ ಮಾಡಲು ಬರುತ್ತದೋ ಅಷ್ಟು ಮಾಡಿ, ಡಿಸ್ಕ್ ಎನ್‌ಕ್ರಿಪ್ಶನ್ ಆನ್ ಇದೆಯಾ ನೋಡಿ. ಉಳಿದ ಕೆಲಸ ಬಹಳಷ್ಟು ಬ್ರೌಸರಿನದೇ. ಕಂಪನಿ, ಎಲ್‌ಎಲ್‌ಪಿ ಅಲ್ಲದ ಸಣ್ಣ ವ್ಯಾಪಾರಿಯ ಜಿಎಸ್‌ಟಿ ರಿಟರ್ನ್ ಓಟಿಪಿ ಮೇಲೆಯೇ ಹೋಗುತ್ತದೆ. ಐಟಿಆರ್ ಕೂಡ ಆಧಾರ್ ಓಟಿಪಿಯಿಂದ ವೆರಿಫೈ ಆಗುತ್ತದೆ. ಅದೆಲ್ಲ ಮಿಂಟ್‌ನ ಫೈರ್‌ಫಾಕ್ಸ್‌ನಲ್ಲಿ ಮಾಡಿ. ಫೈರ್‌ಫಾಕ್ಸ್‌ಗೆ ಜಾಹೀರಾತು ತಡೆಯುವ ‘ಯುಬ್ಲಾಕ್ ಒರಿಜಿನ್’ ಸೇರಿಸಿಕೊಂಡರೆ ಹಿಂದೆ ಬೀಳುವ ಜಾಹೀರಾತುಗಳ ಬಹುಪಾಲು ಅಲ್ಲಿಗೇ ನಿಲ್ಲುತ್ತದೆ.

ಈ ಬದಲಾವಣೆಗೆ ತಿಂಗಳ 22-23ರ ನಂತರದ ದಿನ ಆರಿಸಿ. 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಅಂತ ಓಡಾಡುವ ಹೊತ್ತಿನಲ್ಲಿ ಬೇಡ. ಐಟಿಆರ್ ತುಂಬುವ ಜುಲೈ ತಿಂಗಳಂತೂ ಬೇಡವೇ ಬೇಡ.

ಒಂದೆರಡು ತಿಂಗಳು ಲ್ಯಾಪ್‌ಟಾಪ್ ಹೀಗೆ ನಡೆಸಿ. ಖಾಸಗಿತನ ಅಂದರೆ ದಿನದ ಕೆಲಸದಲ್ಲಿ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲು ಆಗುವುದಿಲ್ಲ ಅನ್ನುವುದು ಕೈಗೆ ಹತ್ತುತ್ತದೆ. ಆ ಅಂದಾಜು ಬಂದ ಮೇಲೆ ಫೋನಿಗೆ ಬನ್ನಿ. ಲ್ಯಾಪ್‌ಟಾಪ್ ಕೈಕೊಟ್ಟರೆ ಡೆಸ್ಕ್‌ಟಾಪ್ ಇದೆ. ಫೋನ್ ಕೈಕೊಟ್ಟರೆ ಓಟಿಪಿ, ಯುಪಿಐ, ಗಿರಾಕಿಗಳ ಕರೆ ಎಲ್ಲ ಒಟ್ಟಿಗೆ ನಿಲ್ಲುತ್ತವೆ.

ಫೋನಿನಿಂದ ಹೊರಗೆ ಹೋಗುವುದು ಎಷ್ಟು? 2021ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಪ್ರೊಫೆಸರ್ ಡಗ್ಲಸ್ ಲೀತ್ ಇದನ್ನು ಅಳೆದರು. ಸುಮ್ಮನೆ ಮೇಜಿನ ಮೇಲೆ ಇಟ್ಟಿದ್ದ ಫೋನು ಕೂಡ ಸರಾಸರಿ ನಾಲ್ಕೂವರೆ ನಿಮಿಷಕ್ಕೊಮ್ಮೆ ತನ್ನ ಕಂಪನಿಗೆ ಏನಾದರೂ ಕಳಿಸುತ್ತಿತ್ತು. ಐಫೋನೂ ಅಷ್ಟೇ, ಆಂಡ್ರಾಯ್ಡೂ ಅಷ್ಟೇ. ಆದರೆ ಗೂಗಲ್‌ಗೆ ಹೋಗುತ್ತಿದ್ದ ಮಾಹಿತಿಯ ಗಾತ್ರ ಆಪಲ್‌ಗೆ ಹೋಗುತ್ತಿದ್ದುದರ ಸುಮಾರು 20 ಪಟ್ಟು. ಅಳೆದ ರೀತಿ ಸರಿಯಿಲ್ಲ ಅಂತ ಗೂಗಲ್ ಹೇಳಿತು. ಅದೇ ವರ್ಷ ಅವರು ಎಡಿನ್‌ಬರೋದವರ ಜೊತೆ ಸೇರಿ ಸ್ಯಾಮ್‌ಸಂಗ್, ಶಿಯೋಮಿ, ರಿಯಲ್‌ಮಿ, ಹುವಾವೇ ಫೋನ್‌ಗಳನ್ನೂ, ಕಂಪನಿಯದರ ಬದಲು ಫೋನಿಗೆ ಹಾಕಿಕೊಳ್ಳುವ ವ್ಯವಸ್ಥೆಗಳಾದ ಲಿನಿಯೇಜ್‌ಓಎಸ್, ಇ-ಓಎಸ್‌ಗಳನ್ನೂ ಪರೀಕ್ಷಿಸಿದರು. ಕಂಪನಿ ಫೋನ್‌ಗಳೆಲ್ಲ ತಯಾರಕರಿಗೂ ಕಳಿಸುತ್ತಿದ್ದವು, ಮೊದಲೇ ತುಂಬಿಕೊಂಡು ಬಂದ ಬೇರೆ ಆಪ್‌ಗಳ ಕಂಪನಿಗಳಿಗೂ ಕಳಿಸುತ್ತಿದ್ದವು. ಇ-ಓಎಸ್ ಮಾತ್ರ ಹೆಚ್ಚುಕಡಿಮೆ ಏನನ್ನೂ ಕಳಿಸಲಿಲ್ಲ. ಲಿನಿಯೇಜ್‌ಓಎಸ್ ಮೇಲೆ ಗೂಗಲ್ ಆಪ್‌ಗಳನ್ನು ಹಾಕಿದ್ದರಿಂದ ಗೂಗಲ್‌ಗೆ ಹೋಗುವುದು ಹೋಗುತ್ತಲೇ ಇತ್ತು. ಈ ಕೊನೆಯ ಮಾತು ಗಮನಿಸಿ. ಫೋನಿನ ಒಳಗಿನ ವ್ಯವಸ್ಥೆ ಬದಲಿಸಿ, ಮೇಲೆ ಮತ್ತೆ ಅದೇ ಆಪ್‌ಗಳನ್ನು ಅದೇ ಅನುಮತಿ ಕೊಟ್ಟು ತುಂಬಿದರೆ, ಹೊಸ ಬೀಗ ಹಾಕಿಸಿ ಕೀಲಿಯನ್ನು ಹಳಬರ ಕೈಗೇ ಕೊಟ್ಟ ಹಾಗೆ.

ಈಗ ನಿಮಗೆ ಯಾವುದು? ಲಿಬ್ರೆಂ, ಪೈನ್‌ಫೋನ್ ಅಂತ ಪೂರ್ತಿ ಲಿನಕ್ಸ್ ಮೇಲೆ ನಡೆಯುವ ಫೋನ್‌ಗಳ ಬಗ್ಗೆ ಓದಿರಬಹುದು. ಲಿಬ್ರೆಂ 5ರಲ್ಲಿ ಮೈಕ್, ಕ್ಯಾಮೆರಾ ಬಂದ್ ಮಾಡಲು ಪಕ್ಕದಲ್ಲೇ ಸ್ವಿಚ್ ಇದೆ. ಆ ಕೆಲಸ ಮಾಡುವವರ ಬಗ್ಗೆ ನನಗೆ ಗೌರವ ಇದೆ. ಆದರೆ ನಿಮಗೆ ಬೇಡ. ಜಿಯೋ ಹತ್ತಿರ 2ಜಿ, 3ಜಿ ಇಲ್ಲ, ಕರೆಯೂ 4ಜಿ ಮೇಲೆಯೇ ಹೋಗಬೇಕು. ಆ ಸೌಲಭ್ಯ ಸರಿಯಾಗಿ ಕೂಡಿಬರದ ಫೋನಿನಲ್ಲಿ ಕರೆಯೇ ಹೋಗುವುದಿಲ್ಲ. ಫೋನ್‌ಪೇಯಂತೂ ಇಲ್ಲ. ಹೊರದೇಶದಿಂದ ತರಿಸಿದರೆ ಸುಂಕ ಬೇರೆ, ಕೆಟ್ಟರೆ ರಿಪೇರಿಗೆ ದಾರಿಯೂ ಇಲ್ಲ.

ಕೀಪ್ಯಾಡ್ ಫೋನಿಗೆ ಹೋಗುತ್ತೇನೆ ಅನ್ನುವವರೂ ಇದ್ದಾರೆ. ಜಾಹೀರಾತಿನವರಿಂದ ತಪ್ಪಿಸಿಕೊಳ್ಳಬಹುದು. ಹಣ ಕಳಿಸಲು *99# ಇದೆ, 2022ರಲ್ಲಿ ರಿಸರ್ವ್ ಬ್ಯಾಂಕ್ ಶುರು ಮಾಡಿದ ಯುಪಿಐ 123ಪೇ ಇದೆ. ಆದರೆ ಎಸ್ಸೆಮ್ಮೆಸ್, ಸಾದಾ ಕರೆ ಎರಡಕ್ಕೂ ವಾಟ್ಸ್‌ಆಪ್‌ನಷ್ಟು ಕಾವಲೂ ಇಲ್ಲ. ಗಿರಾಕಿಗಳು ಕಾಗದ ಕಳಿಸುವುದು ಹೇಗೆ? ಅತ್ತೆಯವರಿಗೆ ಸರಿ, ನಿಮ್ಮ ಕೆಲಸಕ್ಕೆ ಅಲ್ಲ.

ಮನೆಯಲ್ಲಿ ಬಿದ್ದಿರುವ ಹಳೆಯ ಶಿಯೋಮಿಗೋ ಒನ್‌ಪ್ಲಸ್‌ಗೋ ಲಿನಿಯೇಜ್‌ಓಎಸ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ತಡೆಯಿರಿ. ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ಫೋನಿಗೆ ಅದು ಮರುಜೀವ ಕೊಡುತ್ತದೆ, ಕಲಿಯಲು ಒಳ್ಳೆಯದು. ಆದರೆ ಬಹುತೇಕ ಫೋನ್‌ಗಳಲ್ಲಿ ಬೂಟ್‌ಲೋಡರ್ ಬೀಗ ತೆಗೆದೇ ಇಡಬೇಕಾಗುತ್ತದೆ. ಫೋನ್ ಆನ್ ಆಗುವಾಗ ಒಳಗಿನದು ಅಸಲಿಯೋ, ಯಾರಾದರೂ ತಿದ್ದಿದ್ದಾರೋ ಅಂತ ನೋಡುವ ಕಾವಲು ಅದು. ಗಿರಾಕಿಗಳ ಕಾಗದ ಇಟ್ಟುಕೊಳ್ಳುವ ಫೋನಿಗೆ ಆ ಕಾವಲು ತೆಗೆಯುವುದನ್ನು ನಾನು ಒಪ್ಪುವುದಿಲ್ಲ.

ಉಳಿಯುವುದು ಗ್ರಾಫೀನ್‌ಓಎಸ್. ಇದೂ ಆಂಡ್ರಾಯ್ಡ್‌ನ ಮುಕ್ತ ತಳಹದಿಯ ಮೇಲೆಯೇ ಕಟ್ಟಿದ್ದು, ಆದರೆ ಗೂಗಲ್‌ನ ಸೇವೆಗಳು ಒಳಗೆ ಇರುವುದಿಲ್ಲ. ಗೂಗಲ್‌ನವರೇ ಮಾರುವ ಪಿಕ್ಸೆಲ್ ಫೋನ್ ಮೇಲೆ ಅದನ್ನು ಹಾಕಿಕೊಳ್ಳಬೇಕು. ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಕಾರಣ ಸರಳ. ಬೇರೆ ವ್ಯವಸ್ಥೆ ಹಾಕಿದ ಮೇಲೂ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಲು ಪಿಕ್ಸೆಲ್ ಬಿಡುತ್ತದೆ, ಅದರ ಸೆಕ್ಯುರಿಟಿ ಚಿಪ್ ಗಟ್ಟಿ ಇದೆ. ಪ್ಲೇ ಸ್ಟೋರ್ ಬೇಕೇ ಬೇಕು ಅಂದರೆ ಅದನ್ನು ಒಂದು ಸಾಮಾನ್ಯ ಆಪ್‌ನಂತೆ ಹಾಕಿಕೊಳ್ಳಬಹುದು. ಆಗ ಅದಕ್ಕೂ ವಿಶೇಷ ಅಧಿಕಾರ ಇರುವುದಿಲ್ಲ, ನೀವು ಕೊಟ್ಟ ಅನುಮತಿ ಮಾತ್ರ. ಕಾಂಟ್ಯಾಕ್ಟ್ ಕೊಡದಿದ್ದರೆ ನಡೆಯುವುದಿಲ್ಲ ಅಂತ ಹಟ ಹಿಡಿಯುವ ಆಪ್‌ಗೆ ಒಂದೆರಡು ಹೆಸರನ್ನಷ್ಟೇ ತೋರಿಸುವ ಅನುಕೂಲವೂ ಇದೆ. ಪ್ರೊಫೈಲ್ ಬೇರೆ ಮಾಡಿ, ಗಿರಾಕಿಗಳ ವಾಟ್ಸ್‌ಆಪ್ ಒಂದರಲ್ಲಿ, ಮನೆಯದು ಇನ್ನೊಂದರಲ್ಲಿ ಇಡಬಹುದು.

ಪಿಕ್ಸೆಲ್ ಕೊಳ್ಳುವಾಗ ಎರಡು ಎಚ್ಚರಿಕೆ. ಸೆಕೆಂಡ್‌ಹ್ಯಾಂಡ್ ಆದರೆ ಅಮೆರಿಕದ ವೆರೈಝನ್ ಕಂಪನಿಗೆ ಕಟ್ಟಿಹಾಕಿದ ಫೋನ್ ನಿಮ್ಮ ಕೈಗೆ ಬರದಂತೆ ನೋಡಿ, ಅದರ ಬೂಟ್‌ಲೋಡರ್ ತೆರೆಯುವುದಿಲ್ಲ. ಅಂಗಡಿಯಲ್ಲೇ ಇಂಟರ್ನೆಟ್‌ಗೆ ಹಚ್ಚಿ, ಡೆವಲಪರ್ ಆಯ್ಕೆಗಳಲ್ಲಿ ‘ಓಇಎಂ ಅನ್‌ಲಾಕಿಂಗ್’ ಆನ್ ಆಗುತ್ತದಾ ಅಂತ ನೋಡಿದ ಮೇಲೆಯೇ ದುಡ್ಡು ಕೊಡಿ. ಎರಡನೆಯದು, ಅಪ್‌ಡೇಟ್ ಎಷ್ಟು ವರ್ಷ ಉಳಿದಿದೆ. 2023ರ ಪಿಕ್ಸೆಲ್ 8ರಿಂದ ಈಚಿನವಕ್ಕೆ ಏಳು ವರ್ಷ. 6, 7ರ ಸಾಲಿನವಕ್ಕೆ ಐದೇ ವರ್ಷ. 6ಎ ಅಗ್ಗಕ್ಕೆ ಸಿಗುತ್ತದೆ, ಆದರೆ ಬ್ಯಾಟರಿ ವಿಪರೀತ ಬಿಸಿಯಾಗುವ ಸಮಸ್ಯೆಯಿಂದ 2025ರಲ್ಲಿ ಗೂಗಲ್ ಅದರ ಬ್ಯಾಟರಿ ಸಾಮರ್ಥ್ಯವನ್ನೇ ಕಡಿಮೆ ಮಾಡುವ ಅಪ್‌ಡೇಟ್ ಕೊಡಬೇಕಾಯಿತು. ನಮ್ಮ ರಾಯಚೂರು, ಬಳ್ಳಾರಿ ಬೇಸಿಗೆಗೆ ಅದನ್ನು ತರಬೇಡಿ. 8ಎ ಆಗಬಹುದು. ಡಿಸ್‌ಪ್ಲೇ ಒಡೆದರೆ ಊರಿನ ಅಂಗಡಿಯಲ್ಲಿ ಬಿಡಿಭಾಗ ಸಿಗುವ ಭರವಸೆ ಇಲ್ಲ, ಗಟ್ಟಿ ಕವರ್ ಮೊದಲ ದಿನವೇ ಹಾಕಿ. ಗ್ರಾಫೀನ್ ಹಾಕಲು ಅಂಗಡಿ ಬೇಡ. ನಿಮ್ಮ ಮಿಂಟ್ ಲ್ಯಾಪ್‌ಟಾಪ್, ಕ್ರೋಮಿಯಂ ಬ್ರೌಸರ್, ಒಂದು ಒಳ್ಳೆಯ ಕೇಬಲ್ ಸಾಕು. ಅವರ ಜಾಲತಾಣದಲ್ಲಿ ಒಂದೊಂದೇ ಬಟನ್ ಒತ್ತುತ್ತಾ ಹೋಗುವುದು. ಕೊನೆಯಲ್ಲಿ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕುವ ಹಂತ ಮಾತ್ರ ಬಿಡಬೇಡಿ.

ತೊಡಕು ಬ್ಯಾಂಕ್ ಆಪ್‌ಗಳದ್ದು. ಫೋನಿನಲ್ಲಿ ಗೂಗಲ್ ಒಪ್ಪಿದ ವ್ಯವಸ್ಥೆ ಇದೆಯಾ ಅಂತ ಕೇಳುವ ಪರೀಕ್ಷೆಯೊಂದನ್ನು ಗೂಗಲ್ ಆಪ್‌ನವರಿಗೆ ಕೊಟ್ಟಿದೆ. ಅದನ್ನು ಬಿಗಿಯಾಗಿ ಬಳಸುವ ಬ್ಯಾಂಕ್ ಆಪ್ ಗ್ರಾಫೀನ್‌ನಲ್ಲಿ ತೆರೆಯುವುದೇ ಇಲ್ಲ. ಇನ್ನು ಕೆಲವು ಚೆನ್ನಾಗಿಯೇ ನಡೆಯುತ್ತವೆ. ಇವತ್ತು ನಡೆದದ್ದು ಮುಂದಿನ ಅಪ್‌ಡೇಟ್‌ಗೆ ನಿಲ್ಲಲೂಬಹುದು. ಯಾವ ಬ್ಯಾಂಕ್ ಆಪ್ ನಡೆಯುತ್ತದೆ ಅನ್ನುವ ಪಟ್ಟಿಯನ್ನು ಅದರ ಬಳಕೆದಾರರು ದೇಶವಾರು ಇಟ್ಟುಕೊಂಡಿದ್ದಾರೆ, ಕೊಳ್ಳುವ ಮೊದಲು ನೋಡಿ. ಅದರ ಮೇಲೆಯೇ ಕೂರಬೇಡಿ.

ಅದಕ್ಕೇ ನಾನು ನಿಮಗೆ ಎರಡು ಫೋನ್ ಹೇಳುತ್ತೇನೆ. ಈಗಿರುವ ಆಂಡ್ರಾಯ್ಡ್ ಹಣದ ಫೋನ್ ಆಗಲಿ. ಯುಪಿಐ ನೋಂದಣಿಗೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿ ಇರಬೇಕು, ಹಾಗಾಗಿ ಆ ಸಿಮ್ ಅಲ್ಲೇ ಇರಲಿ. ಅದರಲ್ಲಿ ಬ್ಯಾಂಕ್, ಫೋನ್‌ಪೇ, ಡಿಜಿಲಾಕರ್, ಸರ್ಕಾರದ ಆಪ್‌ಗಳು, ಇಷ್ಟೇ. ಗಿರಾಕಿಗಳ ಕಾಂಟ್ಯಾಕ್ಟ್ ಬೇಡ, ಫೋಟೋ ಬೇಡ, ವಾಟ್ಸ್‌ಆಪ್ ಬೇಡ. ಆಫೀಸಿನ ನಂಬರ್ ಬೇರೆ ಇಲ್ಲದಿದ್ದರೆ ಒಂದು ತೆಗೆದುಕೊಳ್ಳಿ, ಅದು ಗ್ರಾಫೀನ್ ಫೋನಿಗೆ. ಗಿರಾಕಿಗಳ ಕರೆ, ಕಾಗದ, ಬ್ರೌಸಿಂಗ್, ನಿಮ್ಮ ಫೋಟೋ ಎಲ್ಲ ಅದರಲ್ಲಿ. ವಾಟ್ಸ್‌ಆಪ್ ಬದಲು ‘ಸಿಗ್ನಲ್’ ಅನ್ನುವ ಮೆಸೇಜ್ ಆಪ್‌ಗೆ ಬರುವ ಗಿರಾಕಿ ಇದ್ದರೆ ಕರೆದುಕೊಂಡು ಬನ್ನಿ. ಮಿಲ್‌ನ ಹಿರಿಯರನ್ನು ಅದಕ್ಕಾಗಿ ಕಾಡಬೇಡಿ, ವಾಟ್ಸ್‌ಆಪ್‌ನಲ್ಲೇ ಇರಲಿ.

ಎರಡು ಫೋನ್ ಹಿಡಿಯುವುದು ಭಾರ ಅನ್ನಿಸಿದರೆ, ಅಥವಾ ಇದಕ್ಕೆಲ್ಲ ಸಮಯ ಇಲ್ಲ ಅಂದರೆ, ಐಫೋನ್ ಒಂದು ನಡುದಾರಿ. ಬ್ಯಾಂಕ್ ಆಪ್ ಎಲ್ಲ ನಡೆಯುತ್ತವೆ. 2021ರಿಂದ ಬೇರೆ ಆಪ್‌ಗಳಲ್ಲಿ ನಿಮ್ಮ ಜಾಡು ಹಿಡಿಯಲು ಆಪ್‌ನವರು ನಿಮ್ಮನ್ನು ಕೇಳಲೇಬೇಕು. ಐಕ್ಲೌಡ್ ಬ್ಯಾಕಪ್‌ಗೆ ಪೂರ್ತಿ ಎನ್‌ಕ್ರಿಪ್ಶನ್ ಆಯ್ಕೆ ಇದೆ, ನಾವೇ ಆನ್ ಮಾಡಬೇಕು. ಆದರೆ ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನ ಹತ್ತಿರ ಹೋದಂತೆಯೇ. ಒಳಗೆ ಏನಿದೆ ಅಂತ ತೆರೆದು ನೋಡುವ ಹಾಗಿಲ್ಲ.

ಹಣದ ಫೋನಿನಲ್ಲೂ ಮಾಡುವ ಕೆಲಸ ಇದೆ. ಸೆಟ್ಟಿಂಗ್ಸ್‌ನ ಪ್ರೈವೆಸಿಯಲ್ಲಿ ಜಾಹೀರಾತು ಐಡಿ ಅಳಿಸಿ. ಗೂಗಲ್ ಖಾತೆಯಲ್ಲಿ ‘ವೆಬ್ ಆ್ಯಂಡ್ ಆಪ್ ಆ್ಯಕ್ಟಿವಿಟಿ’, ‘ಟೈಮ್‌ಲೈನ್’ ಎರಡನ್ನೂ ಆಫ್ ಮಾಡಿ, ಹಳೆಯದನ್ನು ಅಳಿಸಿ. ಒಂದನ್ನು ಆಫ್ ಮಾಡಿ ಇನ್ನೊಂದನ್ನು ಬಿಟ್ಟರೆ ನೀವಿರುವ ಜಾಗ ಉಳಿಯುತ್ತಲೇ ಇರುತ್ತದೆ. ಇದೇ ಗೊಂದಲದ ಮೇಲೆ 2022ರ ನವೆಂಬರ್‌ನಲ್ಲಿ ಅಮೆರಿಕದ 40 ರಾಜ್ಯಗಳಿಗೆ ಗೂಗಲ್ 39.15 ಕೋಟಿ ಡಾಲರ್ ಕೊಡಲು ಒಪ್ಪಿಕೊಂಡಿತು. ಆಮೇಲೆ ಒಂದೊಂದು ಆಪ್‌ಗೂ ಏನೇನು ಅನುಮತಿ ಇದೆ ಅಂತ ಕೂತು ನೋಡಿ. ಸಾಲದ ಆಪ್ ಯಾವುದಾದರೂ ಇದ್ದರೆ ಮೊದಲು ಅದನ್ನು. ಕಾಂಟ್ಯಾಕ್ಟ್ ಕದ್ದು ನೆಂಟರಿಗೆಲ್ಲ ಫೋನ್ ಮಾಡಿ ಮರ್ಯಾದೆ ಕಳೆಯುವ ಆಪ್‌ಗಳಿಂದ ಎಷ್ಟು ಮನೆಗಳು ನೊಂದಿವೆ. ಸಾಲದ ಆಪ್‌ಗಳು ಕಾಂಟ್ಯಾಕ್ಟ್, ಫೋಟೋ, ಕರೆಯ ಪಟ್ಟಿ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ಕೇಳಿದರೆ ಅದು ಸರಿಯಾದ ಆಪ್ ಅಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಉಳಿಯುತ್ತದೆ. ಯಾವ ಫೋನ್ ಹಿಡಿದರೂ ಸಿಮ್ ಇರುವವರೆಗೆ ನೀವು ಯಾವ ಟವರ್ ಹತ್ತಿರ ಇದ್ದೀರಿ, ಯಾರಿಗೆ ಕರೆ ಮಾಡಿದಿರಿ ಅನ್ನುವುದು ಟೆಲಿಕಾಂ ಕಂಪನಿಗೆ ಗೊತ್ತಿರುತ್ತದೆ. ಅದನ್ನು ಗ್ರಾಫೀನ್ ತಡೆಯಲಾರದು. ಯಾರಾದರೂ ‘ಪೂರ್ತಿ ಸುರಕ್ಷಿತ’ ಅಂತ ಫೋನ್ ಮಾರಲು ಬಂದರೆ ನಂಬಬೇಡಿ.

ಕೊನೆಗೆ, ನಿಮ್ಮ ಲ್ಯಾಪ್‌ಟಾಪ್‌ನಿಂದ ತೆಗೆದ ಹಳೆಯ ಹಾರ್ಡ್‌ಡಿಸ್ಕ್. ಅದರಲ್ಲಿ 2017ರಿಂದ ಈಚಿನ ಗಿರಾಕಿಗಳ ಲೆಕ್ಕವೆಲ್ಲ ಎನ್‌ಕ್ರಿಪ್ಟ್ ಇಲ್ಲದೆ ಕೂತಿರುತ್ತದೆ. ಡಿಲೀಟ್ ಒತ್ತಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅದು ಹೋಗುವುದಿಲ್ಲ. ಬೇಕಾದ್ದನ್ನು ಎನ್‌ಕ್ರಿಪ್ಟ್ ಮಾಡಿದ ಬೇರೆ ಡಿಸ್ಕ್‌ಗೆ ನಕಲು ಮಾಡಿ, ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಮಿಂಟ್‌ನ ‘ಡಿಸ್ಕ್ಸ್’ ಎಂಬ ಸಾಧನದಲ್ಲಿ ಫಾರ್ಮ್ಯಾಟ್ ಮಾಡುವಾಗ, ಇದ್ದದ್ದರ ಮೇಲೆಲ್ಲ ಸೊನ್ನೆ ಬರೆಯುವ ಆಯ್ಕೆ ಆರಿಸಿ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಬಿಡಿ. ಅದು ಮುಗಿಯುವವರೆಗೆ ಆ ಡಿಸ್ಕ್ ಗುಜರಿಯವರಿಗೂ ಬೇಡ, ಎಕ್ಸ್‌ಚೇಂಜ್‌ನವರಿಗೂ ಬೇಡ.